ಒಂದೇ ಕೋಣೆಯಲ್ಲಿ ಮೂರು ಬೆಳಕು

ಕೆಲವು ವಾರಗಳ ಕಾಲ ನಡೆದ ಒಂದು ಪ್ರದರ್ಶನಕ್ಕೆ ನಾನು ನಾಲ್ಕು ಸಲ ಹೋದೆ. ಅದು ಮಹಾನಗರದ ಹೆಸರಾಂತ ಕಲಾಭವನವಲ್ಲ. ತನ್ನ ಸುತ್ತಲಿನ ಸೀಮೆಯ ಪಳೆಯುಳಿಕೆ, ನಾಣ್ಯ, ಹಳೆಯ ಉಪಕರಣಗಳನ್ನು ಕಾಪಾಡುತ್ತ, ಒಂದೆರಡು ಕೋಣೆಗಳನ್ನು ಈ ಕಾಲದ ಕಲೆಗೂ ಬಿಟ್ಟುಕೊಟ್ಟಿರುವ ಪ್ರಾದೇಶಿಕ ವಸ್ತುಸಂಗ್ರಹಾಲಯ. ಆ ಕೋಣೆಗಳ ಪೈಕಿ ದೊಡ್ಡದರಲ್ಲಿ ಆಧುನಿಕ ವರ್ಣಚಿತ್ರ, ಗಾಜಿನ ಕೃತಿ ಮತ್ತು ಶಿಲ್ಪಗಳನ್ನು ಒಟ್ಟಿಗೆ ಇರಿಸಿದ್ದರು. ಮೊದಲ ದಿನ ನಾನು ಹೋದದ್ದು ಬೆಳಗಿನ ಹೊತ್ತು. ಪಶ್ಚಿಮದ ಕಿಟಕಿಯ ಬಳಿ, ತಗ್ಗಾದ ಪೀಠದ ಮೇಲೆ, ಹಸಿರು ಗಾಜಿನ ಒಂದು ದಿಮ್ಮಿ ಇತ್ತು. ಪಾಚಿಗಟ್ಟಿದ ಕಲ್ಲಿನಂತೆ ಮಂಕಾಗಿ ಕಂಡ ಅದನ್ನು ದಾಟಿ ಚಿತ್ರಗಳ ಕಡೆಗೆ ನಡೆದುಬಿಟ್ಟೆ. ಎರಡನೆಯ ಸಲ ಇಳಿಹೊತ್ತಿನಲ್ಲಿ ಹೋದಾಗ ಅದೇ ದಿಮ್ಮಿಯನ್ನು ಗುರುತು ಹಿಡಿಯಲು ಕ್ಷಣಕಾಲ ಬೇಕಾಯಿತು. ಬಿಸಿಲು ಬೆನ್ನ ಕಡೆಯಿಂದ ಗಾಜಿನೊಳಕ್ಕೆ ಇಳಿದು, ಅಂಚಿನಲ್ಲಿ ಚಿಗುರೆಲೆಯ ಬಣ್ಣವಾಗಿ, ನಡುವಿಗೆ ಬರುಬರುತ್ತ ಮಡುವಿನ ನೀರಿನ ಬಣ್ಣವಾಗಿ ನಿಂತಿತ್ತು. ಬೆಳಿಗ್ಗೆ ನಾನು ಕಂಡದ್ದು ಆ ಕೃತಿಯ ಸಿಪ್ಪೆಯನ್ನು ಮಾತ್ರ ಎಂದು ಆಗ ತಿಳಿಯಿತು.

ಆ ದಿಮ್ಮಿಯಲ್ಲಿ ಇದ್ದದ್ದು ಒಂದೇ ಹಸಿರು. ತೆಳುವಾದ ಕಡೆ ಬೆಳಕು ಸಲೀಸಾಗಿ ದಾಟುತ್ತದೆ, ದಪ್ಪನಾದ ಕಡೆ ದಾರಿಯಲ್ಲೇ ಸೋರಿಹೋಗುತ್ತದೆ. ತಿಳಿಯೂ ಗಾಢವೂ ಹುಟ್ಟುವುದು ಬಣ್ಣ ಬೆರೆಸುವುದರಿಂದಲ್ಲ, ದಪ್ಪವನ್ನು ಹೆಚ್ಚುಕಡಿಮೆ ಮಾಡುವುದರಿಂದ. ಈ ಸರಳ ಸಂಗತಿಯನ್ನು ಇಡೀ ಜೀವಮಾನದ ಕಸುಬಾಗಿ ಮಾಡಿಕೊಂಡವರು ಚೆಕ್ ದಂಪತಿಗಳಾದ ಸ್ತಾನಿಸ್ಲಾವ್ ಲಿಬೆನ್‌ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೊವಾ. ಝೆಲೆಜ್ನಿ ಬ್ರೋಡ್ ಎಂಬ ಪುಟ್ಟ ಗಾಜಿನ ಊರಿನಲ್ಲಿ 1950ರ ದಶಕದಲ್ಲಿ ಜೊತೆಗೂಡಿದ ಇವರಲ್ಲಿ ಲಿಬೆನ್‌ಸ್ಕಿ ಚಿತ್ರಕಾರ, ಬ್ರಿಖ್ತೊವಾ ಶಿಲ್ಪಿ. ಅವನು ಕಾಗದದ ಮೇಲೆ ಬರೆದ ನೆರಳುಬೆಳಕನ್ನು ಅವಳು ಜೇಡಿಮಣ್ಣಿನ ಉಬ್ಬುತಗ್ಗುಗಳಾಗಿ ಓದಿ ಅಚ್ಚು ಮಾಡುತ್ತಿದ್ದಳು; ಆ ಅಚ್ಚಿನಲ್ಲಿ ಗಾಜನ್ನು ಕರಗಿಸಿ ಎರಕ ತೆಗೆಯುತ್ತಿದ್ದರು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಅವರ ಗಾಜು ಅತ್ಯುನ್ನತ ಬಹುಮಾನ ಪಡೆಯಿತು. ಗಾಜು ಪಾತ್ರೆಯಾಗಿರಬೇಕಿಲ್ಲ, ಕಿಟಕಿಯಾಗಿರಬೇಕಿಲ್ಲ, ಒಳಗಡೆ ಆಕಾರವನ್ನು ಹೊತ್ತ ಶಿಲ್ಪವಾಗಿಯೂ ನಿಲ್ಲಬಲ್ಲದು ಎಂಬುದನ್ನು ಅವರಷ್ಟು ನೆಚ್ಚಿ ಮಾಡಿ ತೋರಿಸಿದವರು ವಿರಳ. ಚಿತ್ರ ಮತ್ತು ಶಿಲ್ಪ ಎಂಬ ಎರಡು ಕಲೆಗಳು ಗಾಜಿನಲ್ಲಿ ಹೇಗೆ ಒಂದಾಗುತ್ತವೆ ಎಂಬುದಕ್ಕೆ ಈ ಇಬ್ಬರ ಕೆಲಸದ ಕ್ರಮಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥ ದಪ್ಪ ಗಾಜನ್ನು ಎರೆಯುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧ ಅದನ್ನು ತಣಿಸುವುದು. ಹೊರಮೈ ಬೇಗ ಆರಿ ಒಳಗು ಬಿಸಿಯಾಗಿಯೇ ಉಳಿದರೆ ಗಾಜಿನೊಳಗೆ ಬಿಗಿತ ಹುಟ್ಟುತ್ತದೆ. ಆ ಬಿಗಿತ ಇಂದಲ್ಲ ನಾಳೆ ಬಿರುಕಾಗಿ ಹೊರಬರುತ್ತದೆ. ಆದ್ದರಿಂದ ಕುಲುಮೆಯ ಕಾವನ್ನು ದಿನಕ್ಕಿಷ್ಟೇ ಎಂದು ಲೆಕ್ಕ ಹಾಕಿ ಇಳಿಸುತ್ತಾರೆ. ದೊಡ್ಡ ಕೃತಿಗಳಿಗೆ ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಅಮೆರಿಕದ ಪಾಲೊಮಾರ್ ದೂರದರ್ಶಕಕ್ಕಾಗಿ ಕಾರ್ನಿಂಗ್ ಎಂಬ ಊರಿನಲ್ಲಿ 1934ರಲ್ಲಿ ಎರೆದ, 5 ಮೀಟರಿಗೂ ಹೆಚ್ಚು ಅಗಲದ ಗಾಜಿನ ಬಿಲ್ಲೆಯನ್ನು ಸುಮಾರು 10 ತಿಂಗಳು ತಣಿಸಿದರು. ಅದಕ್ಕೂ ಮೊದಲು ಎರೆದ ಬಿಲ್ಲೆ ಕೆಟ್ಟಿತ್ತು. ಆ ಕೆಟ್ಟ ಬಿಲ್ಲೆಯೇ ಇಂದು ಅದೇ ಊರಿನ ಗಾಜಿನ ವಸ್ತುಸಂಗ್ರಹಾಲಯದಲ್ಲಿ ನೋಡುವವರಿಗಾಗಿ ನಿಂತಿದೆ. ನನ್ನ ಹಸಿರು ದಿಮ್ಮಿಯ ಎದುರು ನಿಂತಾಗ, ಎಷ್ಟು ರಾತ್ರಿಗಳ ಕಾವು ಇದರಿಂದ ಮೆಲ್ಲಗೆ ಇಳಿದಿರಬೇಕು ಎಂದು ಯೋಚಿಸದೆ ಇರಲು ಈಗ ನನ್ನಿಂದ ಆಗುವುದಿಲ್ಲ.

ಮೂರನೆಯ ಸಲ ನಾನು ಹೋದದ್ದು ಗಾಜಿಗಾಗಿಯೇ; ಆದರೆ ಆ ದಿನ ಕಣ್ಣಿಗೆ ಬಿದ್ದದ್ದು ಬೇರೆ. ಚಿತ್ರ, ಶಿಲ್ಪ, ಗಾಜು ಮೂರೂ ಬೆಳಕನ್ನೇ ಉಣ್ಣುತ್ತವೆ, ಆದರೆ ಮೂರರ ಹಸಿವೂ ಬೇರೆ. ಚಿತ್ರ ತನ್ನ ಮೈಮೇಲೆ ಬಿದ್ದ ಬೆಳಕನ್ನು ಬಣ್ಣವಾಗಿ ಹಿಂದಿರುಗಿಸುತ್ತದೆ. ಅದಕ್ಕೆ ಎಲ್ಲೆಡೆ ಸಮನಾಗಿ ಹರಡಿದ, ಮೃದುವಾದ ಬೆಳಕು ಬೇಕು. ಶಿಲ್ಪ ಬೆಳಕನ್ನು ತಡೆದು ನೆರಳನ್ನು ಹುಟ್ಟಿಸುತ್ತದೆ. ಸಮನಾದ ಬೆಳಕು ಅದನ್ನು ಚಪ್ಪಟೆ ಮಾಡಿಬಿಡುತ್ತದೆ, ಒಂದು ಮಗ್ಗುಲಿನಿಂದ ಓರೆಯಾಗಿ ಬಂದರೆ ಮಾತ್ರ ಅದರ ಬೆನ್ನು, ಹೆಗಲು, ಟೊಳ್ಳು ತೆರೆದುಕೊಳ್ಳುತ್ತವೆ. ಗಾಜಿಗೆ ಎದುರಿನ ಬೆಳಕು ಬಹುಮಟ್ಟಿಗೆ ಶತ್ರು. ಅದು ಮೇಲ್ಮೈಯಲ್ಲೇ ಹೊಳೆದು ಕಣ್ಣನ್ನು ಒಳಗೆ ಬಿಡುವುದಿಲ್ಲ. ಹಿಂದಿನಿಂದಲೋ ಪಕ್ಕದಿಂದಲೋ ಬಂದ ಬೆಳಕೇ ಗಾಜಿನ ಒಳಮನೆಯ ಬಾಗಿಲು. ಇವು ಮೂರನ್ನೂ ಒಂದೇ ಚಾವಣಿಯ ಕೆಳಗೆ ತಂದವರು ಒಂದಕ್ಕೆ ಕೊಟ್ಟ ಬೆಳಕನ್ನು ಇನ್ನೊಂದರಿಂದ ಕಸಿದುಕೊಂಡಂತೆಯೇ ಆಗುತ್ತದೆ.

ಇದರ ಮೇಲೆ ಸಂರಕ್ಷಣೆಯ ಲೆಕ್ಕ ಬೇರೆ. ಜಲವರ್ಣ ಮತ್ತು ಕಾಗದದ ಮೇಲಿನ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕನ್ನು ಬೀಳಗೊಡುವುದಿಲ್ಲ. ಎಣ್ಣೆಬಣ್ಣದ ಚಿತ್ರಗಳಿಗೆ 200 ಲಕ್ಸ್‌ವರೆಗೆ ಒಪ್ಪುತ್ತಾರೆ. ಕಲ್ಲು, ಲೋಹ ಮತ್ತು ಬಹುಪಾಲು ಗಾಜಿಗೆ ಬೆಳಕಿನಿಂದ ಅಂಥ ಅಪಾಯವಿಲ್ಲ. ನಡುಹಗಲ ಬಯಲಿನಲ್ಲಿ 1,00,000 ಲಕ್ಸ್‌ವರೆಗೂ ಬೆಳಕಿರುವುದನ್ನು ನೆನೆದರೆ ಈ ಅಂಕಿಗಳು ಎಷ್ಟು ಸಣ್ಣವೆಂದು ತಿಳಿಯುತ್ತದೆ. ಬಿಸಿಲಿನಿಂದ ನೇರವಾಗಿ ಒಳಗೆ ಬಂದವರು ಕತ್ತಲೆಯೆಂದು ಗೊಣಗುವುದು ಇದಕ್ಕೇ. ಬೆಳಕು ಮಾಡುವ ಹಾನಿ ಕೂಡುತ್ತ ಹೋಗುವಂಥದ್ದು. ಇಂದು ಬಿದ್ದದ್ದು ನಾಳೆ ಅಳಿಯುವುದಿಲ್ಲ. ಹಾಗಾಗಿ ಒಂದು ಜಲವರ್ಣದ ಚಿತ್ರ ಕೆಲವು ತಿಂಗಳು ಗೋಡೆಯ ಮೇಲಿದ್ದು ಬಳಿಕ ವರ್ಷಗಟ್ಟಲೆ ಕತ್ತಲ ಪೆಟ್ಟಿಗೆಯಲ್ಲಿ ವಿಶ್ರಮಿಸುತ್ತದೆ. ನಾನು ನೋಡಿದ ಕೋಣೆಯಲ್ಲಿ ಕಿಟಕಿಗೆ ತೆಳುವಾದ ಪರದೆ ಎಳೆದು, ಕಾಗದದ ಮೇಲಿನ ಚಿತ್ರಗಳನ್ನು ಕಿಟಕಿಯಿರುವ ಗೋಡೆಗೇ, ಅದರ ಎರಡು ಮಗ್ಗುಲಿಗೆ ಹಾಕಿದ್ದರು. ಬಿಸಿಲು ಎಷ್ಟೇ ಒಳಬಂದರೂ ಆ ಗೋಡೆಯ ಮೇಲೆ ನೇರವಾಗಿ ಬೀಳುವಂತಿರಲಿಲ್ಲ. ಗಾಜನ್ನು ಕಿಟಕಿಯ ಹತ್ತಿರಕ್ಕೆ, ಶಿಲ್ಪಗಳನ್ನು ಎರಡರ ನಡುವಿಗೆ ತಂದಿದ್ದರು. ಯಾರ ಹೆಸರೂ ಇಲ್ಲದ ಈ ಜಾಣ್ಮೆಯೂ ಒಂದು ಕೃತಿಯೇ ಎಂದು ನನಗನ್ನಿಸಿತು.

ಬೆಳಕಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಬರೆದ ಭಿತ್ತಿಚಿತ್ರಗಳ ಕಥೆ ಸಾಕು. 1964ರಲ್ಲಿ ಅವನ್ನು ದೊಡ್ಡ ಕಿಟಕಿಗಳಿದ್ದ ಒಂದು ಊಟದ ಕೋಣೆಯಲ್ಲಿ ಹಾಕಿದರು. ರಾತ್ಕೋ ಬಳಸಿದ್ದ ಲಿಥಾಲ್ ರೆಡ್ ಎಂಬ ವರ್ಣದ್ರವ್ಯ ಬಿಸಿಲಿಗೆ ತಾಳುವಂಥದ್ದಲ್ಲ. ಗಾಢ ಕೆಂಪು ವರ್ಷದಿಂದ ವರ್ಷಕ್ಕೆ ಬಿಳಚಿಕೊಂಡು ತಿಳಿನೀಲಿಯ ಕಡೆಗೆ ಸರಿಯಿತು. 1979ರ ಹೊತ್ತಿಗೆ ಅವನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಬೇಕಾಯಿತು. ಮೇಲೆ ಹೊಸ ಬಣ್ಣ ಬಳಿದರೆ ಅದು ರಾತ್ಕೋನ ಕೃತಿಯಾಗಿ ಉಳಿಯುವುದಿಲ್ಲ. ಕೊನೆಗೆ 2014ರಲ್ಲಿ ಅವನ್ನು ಮತ್ತೆ ಪ್ರದರ್ಶಿಸಿದಾಗ, ಕಳೆದುಹೋದ ಬಣ್ಣವನ್ನು ಅಂಗುಲ ಅಂಗುಲಕ್ಕೂ ಲೆಕ್ಕ ಹಾಕಿ, ಪ್ರೊಜೆಕ್ಟರಿನಿಂದ ಬೆಳಕಾಗಿ ಆ ಕ್ಯಾನ್ವಾಸ್‌ಗಳ ಮೇಲೆ ಬೀರಿದರು. ಬೆಳಕು ತೆಗೆದುಕೊಂಡದ್ದನ್ನು ಬೆಳಕೇ ಸಾಲವಾಗಿ ಕೊಟ್ಟಿತು. ಪ್ರತಿದಿನ ಮಧ್ಯಾಹ್ನ 4 ಗಂಟೆಗೆ ಪ್ರೊಜೆಕ್ಟರನ್ನು ಆರಿಸುತ್ತಿದ್ದರು. ಚಿತ್ರಗಳ ಈಗಿನ ನಿಜವಾದ ಮುಖವನ್ನು ನೋಡಲು ಜನ ಆ ಹೊತ್ತಿಗೆ ಕಾದು ನಿಲ್ಲುತ್ತಿದ್ದರು. ಮರೆಮಾಚದೆ ಎರಡೂ ಮುಖಗಳನ್ನು ತೋರಿಸಿದ ಆ ಪ್ರಾಮಾಣಿಕತೆಗೆ ನನ್ನ ಮನಸ್ಸು ತಲೆಬಾಗುತ್ತದೆ.

ಪ್ರಾದೇಶಿಕ ವಸ್ತುಸಂಗ್ರಹಾಲಯ ಎಂದರೆ ದೊಡ್ಡ ಊರಿನ ಕಲೆ ತಡವಾಗಿ, ತುಣುಕಾಗಿ ಬಂದು ಸೇರುವ ಜಾಗ ಎಂಬ ಎಣಿಕೆ ಹಲವರಲ್ಲಿದೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಗಾಜನ್ನೇ ತೆಗೆದುಕೊಳ್ಳೋಣ. ಅಮೆರಿಕದ ಟೊಲೀಡೊ ಎಂಬ ಕೈಗಾರಿಕಾ ಊರಿನ ಕಲಾ ವಸ್ತುಸಂಗ್ರಹಾಲಯವನ್ನು 1901ರಲ್ಲಿ ಸ್ಥಾಪಿಸಿದವರಲ್ಲಿ ಮುಂದಾಳಾಗಿದ್ದವನು ಗಾಜಿನ ಕಾರ್ಖಾನೆಯ ಒಡೆಯ ಎಡ್ವರ್ಡ್ ಲಿಬ್ಬಿ. ಗಾಜು ಊದುವುದು ಕಾರ್ಖಾನೆಯ ಕೆಲಸ, ಅದಕ್ಕೆ ದೊಡ್ಡ ಕುಲುಮೆಯೂ ಆಳುಗಳ ತಂಡವೂ ಬೇಕು, ಒಬ್ಬ ಕಲಾವಿದ ತನ್ನ ಕೋಣೆಯಲ್ಲಿ ಮಾಡುವಂಥದ್ದಲ್ಲ ಎಂಬುದು ಆ ಕಾಲದ ನಂಬಿಕೆ. 1962ರ ಮಾರ್ಚ್‌ನಲ್ಲಿ ಅದೇ ವಸ್ತುಸಂಗ್ರಹಾಲಯದ ಆವರಣದ ಒಂದು ಶೆಡ್ಡಿನಲ್ಲಿ, ಕುಂಬಾರಿಕೆಯ ಪ್ರಾಧ್ಯಾಪಕ ಹಾರ್ವೆ ಲಿಟಲ್ಟನ್ ಒಂದು ಸಣ್ಣ ಕುಲುಮೆ ಕಟ್ಟಿ ಕಾರ್ಯಾಗಾರ ನಡೆಸಿದ. ಮೊದಮೊದಲು ಗಾಜು ಊದುವ ಹದಕ್ಕೆ ಬರಲಿಲ್ಲ. ಆಗ ಕೈಹಿಡಿದವನು ಗಾಜಿನ ಉದ್ಯಮದ ಸಂಶೋಧಕ ಡಾಮಿನಿಕ್ ಲಾಬೀನೊ. ಗಾಜಿನ ನಾರು ತಯಾರಿಸಲು ಬಳಸುತ್ತಿದ್ದ, ಕಡಿಮೆ ಕಾವಿನಲ್ಲಿ ಕರಗುವ ಗಾಜಿನ ಗೋಲಿಗಳನ್ನು ಅವನು ಒದಗಿಸಿದ. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದ ಒಬ್ಬ ಊದುಗಾರ ಬಂದು ಕೊಳವೆ ಹಿಡಿಯುವ ಕ್ರಮ ತೋರಿಸಿದ. ಅದೇ ವರ್ಷದ ಜೂನ್‌ನಲ್ಲಿ ಎರಡನೆಯ ಕಾರ್ಯಾಗಾರವೂ ನಡೆಯಿತು. ಕಲಾವಿದ ಒಬ್ಬನೇ ಗಾಜು ಊದಬಲ್ಲ ಎಂಬುದು ಹೀಗೆ ಒಂದು ಪ್ರಾದೇಶಿಕ ವಸ್ತುಸಂಗ್ರಹಾಲಯದ ಹಿತ್ತಲಲ್ಲಿ ರುಜುವಾತಾಯಿತು. ಅಲ್ಲಿಂದ ಹೊರಟ ಚಳವಳಿ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಇಂದು ಲೋಕಕ್ಕೆಲ್ಲ ಹೆಸರು ಗೊತ್ತಿರುವ ಗಾಜಿನ ಕಲಾವಿದ ಡೇಲ್ ಚಿಹುಲಿ ಲಿಟಲ್ಟನ್‌ನ ಶಿಷ್ಯ. ಟೊಲೀಡೊದಲ್ಲಿ 2006ರಲ್ಲಿ ತೆರೆದ ಗಾಜಿನ ಮಂಟಪಕ್ಕೆ ಗೋಡೆಗಳೂ ಗಾಜೇ. ಒಳಗೆ ಕುಲುಮೆ ಇಂದಿಗೂ ಉರಿಯುತ್ತದೆ, ಸಂಗ್ರಹವೂ ಅದರ ಹುಟ್ಟೂ ಒಂದೇ ಸೂರಿನ ಕೆಳಗಿವೆ.

ಚಿತ್ರಗಳನ್ನು ತೂಗುಹಾಕುವ ರೀತಿಯ ಮಾತು ಬಂದಾಗ ನಾನು ನೆನೆಯುವುದು ಜರ್ಮನಿಯ ಹ್ಯಾನೋವರ್ ಊರಿನ ಪ್ರಾಂತೀಯ ವಸ್ತುಸಂಗ್ರಹಾಲಯವನ್ನು. ಹೆಸರಿನಲ್ಲೇ ಪ್ರಾಂತೀಯ ಎಂದಿದ್ದ ಆ ಸಂಸ್ಥೆಯ ನಿರ್ದೇಶಕ ಅಲೆಕ್ಸಾಂಡರ್ ಡಾರ್ನರ್, ಅಮೂರ್ತ ಕಲೆಗಾಗಿ ಒಂದು ಕೋಣೆಯನ್ನು ರಚಿಸಿಕೊಡುವಂತೆ ರಷ್ಯಾದ ಕಲಾವಿದ ಎಲ್ ಲಿಸಿಟ್ಸ್‌ಕಿಯನ್ನು ಕೇಳಿಕೊಂಡ. 1927–28ರಲ್ಲಿ ಸಿದ್ಧವಾದ ಆ ಕೋಣೆಯ ಗೋಡೆಗಳಿಗೆ ಲೋಹದ ಕಿರಿದಾದ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಪಟ್ಟಿಯ ಒಂದು ಮಗ್ಗುಲು ಬಿಳಿ, ಇನ್ನೊಂದು ಕಪ್ಪು, ಹಿಂದಿನ ಗೋಡೆ ಬೂದು. ಎದುರು ನಿಂತರೆ ಗೋಡೆ ಬೂದಾಗಿ ಕಾಣುತ್ತದೆ, ಈ ಕಡೆ ನಡೆದರೆ ಬಿಳಿಯಾಗುತ್ತದೆ, ಆ ಕಡೆ ನಡೆದರೆ ಕಪ್ಪಾಗುತ್ತದೆ. ಮೊಂಡ್ರಿಯಾನ್, ಮೊಹೋಯ್-ನಾಜ್ ಮೊದಲಾದವರ ಚಿತ್ರಗಳು ಆ ಗೋಡೆಯ ಮೇಲೆ ನೋಡುಗನ ಹೆಜ್ಜೆಯೊಂದಿಗೆ ತಮ್ಮ ನೆಲೆ ಬದಲಿಸುತ್ತಿದ್ದವು. ಕೆಲವು ಚಿತ್ರಗಳ ಮೇಲೆ ಜಾರುವ ಹಲಗೆಗಳಿದ್ದವು. ಅವನ್ನು ನೋಡುಗನೇ ಸರಿಸಬೇಕು, ಸರಿಸಿದಾಗ ಒಂದು ಚಿತ್ರ ಮರೆಯಾಗಿ ಇನ್ನೊಂದು ತೆರೆಯುತ್ತದೆ. ಕೈಕಟ್ಟಿ ನಿಂತು ನೋಡುವವನನ್ನು ಕೋಣೆಯೇ ನಡೆಸಿತು. ನಾತ್ಸಿ ಆಡಳಿತಕ್ಕೆ ಇದು ಸಹನೆಯಾಗಲಿಲ್ಲ. 1937ರಲ್ಲಿ ಕೋಣೆಯನ್ನು ಕಿತ್ತುಹಾಕಿದರು. 1968ರಲ್ಲಿ ಅದನ್ನು ಮರುರಚಿಸಿದರು. ಅದೇ ಊರಿನ ಸ್ಪ್ರೆಂಗೆಲ್ ವಸ್ತುಸಂಗ್ರಹಾಲಯದಲ್ಲಿ ಇಂದು ಅದರ ಮರುರೂಪವಿದೆ.

ಇದಕ್ಕೂ ಮಿಗಿಲಾಗಿ ನನ್ನನ್ನು ಕಾಡುವುದು ಪೋಲೆಂಡಿನ ವುಜ್ ಎಂಬ ನೂಲಿನ ಗಿರಣಿಗಳ ಊರಿನ ಕಥೆ. ಅಲ್ಲಿನ ನಗರ ವಸ್ತುಸಂಗ್ರಹಾಲಯಕ್ಕಾಗಿ ಚಿತ್ರಕಾರ ವ್ಲಾಡಿಸ್ಲಾವ್ ಸ್ಟ್ಶೆಮಿನ್‌ಸ್ಕಿ, ಕತಾಜಿನಾ ಕೊಬ್ರೊ ಮತ್ತವರ ಗೆಳೆಯರು ಯುರೋಪಿನ ಕಲಾವಿದರಿಂದ ಕೃತಿಗಳನ್ನು ದಾನವಾಗಿ ಬೇಡಿ ತಂದರು. ಲೆಜೆ, ಆರ್ಪ್, ಶ್ವಿಟರ್ಸ್ ಕೊಟ್ಟ ಕೃತಿಗಳು 1931ರಲ್ಲಿ ಜನರ ಮುಂದೆ ಬಂದವು; ಹಲವು ರಾಜಧಾನಿಗಳು ಆಧುನಿಕ ಕಲೆಗೆ ಒಂದು ಗೋಡೆಯನ್ನೂ ಕೊಡದಿದ್ದ ಕಾಲ ಅದು. ಕೊಬ್ರೊ ಶಿಲ್ಪಿ. ಲೋಹದ ತಗಡುಗಳನ್ನು ಬಾಗಿಸಿ, ಜೋಡಿಸಿ, ಬಣ್ಣ ಬಳಿದು ಅವಳು ಮಾಡಿದ ಶಿಲ್ಪಗಳಿಗೆ ಒಳಹೊರಗೆಂಬುದಿಲ್ಲ, ಸುತ್ತಲಿನ ಬಯಲೇ ಅವುಗಳ ಮೈಯ ಭಾಗ. ಯುದ್ಧ ಮುಗಿಯುವ ಹೊತ್ತಿನ ಚಳಿಗಾಲದಲ್ಲಿ ಪುಟ್ಟ ಮಗಳಿಗೆ ಅಡುಗೆ ಬೇಯಿಸಲು ಸೌದೆಯಿಲ್ಲದೆ ತನ್ನ ಮರದ ಶಿಲ್ಪಗಳನ್ನು ಅವಳೇ ಒಲೆಗೆ ಹಾಕಬೇಕಾಯಿತು. 1948ರಲ್ಲಿ ಸ್ಟ್ಶೆಮಿನ್‌ಸ್ಕಿ ವಸ್ತುಸಂಗ್ರಹಾಲಯದ ಒಂದು ಕೋಣೆಯ ಗೋಡೆ, ಚಾವಣಿಗಳನ್ನೇ ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿಯ ಆಯತಗಳಾಗಿ ವಿಂಗಡಿಸಿ, ಉಳಿದಿದ್ದ ಶಿಲ್ಪಗಳಿಗೂ ಚಿತ್ರಗಳಿಗೂ ಮನೆ ಕಟ್ಟಿದ. ಅಲ್ಲಿ ಚಿತ್ರವೆಲ್ಲಿ ಮುಗಿಯಿತು, ಶಿಲ್ಪವೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಎರಡೇ ವರ್ಷಕ್ಕೆ ಆಡಳಿತ ಆ ಗೋಡೆಗಳಿಗೆ ಬಣ್ಣ ಬಳಿಸಿ ಅಳಿಸಿತು. ಕೊಬ್ರೊ 1951ರಲ್ಲಿ, ಸ್ಟ್ಶೆಮಿನ್‌ಸ್ಕಿ 1952ರಲ್ಲಿ ತೀರಿಕೊಂಡರು. 1960ರಲ್ಲಿ ಕೋಣೆಯನ್ನು ಮತ್ತೆ ಮೊದಲಿನಂತೆ ಕಟ್ಟಿದಾಗ ನೋಡಲು ಇಬ್ಬರೂ ಇರಲಿಲ್ಲ.

ಶಿಲ್ಪದ ಮಾತಿಗೆ ಬಂದರೆ, ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ 2011ರಲ್ಲಿ ತೆರೆದ, ಅದೇ ಊರಿನಲ್ಲಿ 1903ರಲ್ಲಿ ಹುಟ್ಟಿದ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಹೆಸರಿನ ಗ್ಯಾಲರಿ ಮುಗಿದ ಕಂಚಿಗಿಂತ ಮುಗಿಯುವ ಮೊದಲಿನ ಗಾರೆಯ ಮಾದರಿಗಳಿಗೆ ಹೆಚ್ಚು ಜಾಗ ಕೊಟ್ಟಿರುವುದು ನನಗೆ ಬಹಳ ಸರಿಯೆನಿಸುತ್ತದೆ. ಹೆಪ್‌ವರ್ತ್ ಕುಟುಂಬ ಕೊಟ್ಟ 40ಕ್ಕೂ ಹೆಚ್ಚು ಮಾದರಿಗಳು ಅಲ್ಲಿವೆ. ಕಂಚಿನ ಹೊಳಪು ಮುಚ್ಚಿಹಾಕುವ ಉಳಿಯ ಗೀರು, ಅರದ ಉಜ್ಜು, ಕೈಬೆರಳಿನ ಒತ್ತು ಗಾರೆಯಲ್ಲಿ ಉಳಿದಿರುತ್ತವೆ; ಓರೆ ಬೆಳಕು ಬಿದ್ದಾಗ ಅವು ಒಂದೊಂದೂ ತನ್ನ ಪುಟ್ಟ ನೆರಳನ್ನು ಹಾಸುತ್ತದೆ. ನಾನು ನೋಡಿದ ಪ್ರದರ್ಶನದಲ್ಲೂ ಅಂಥದೊಂದು ಬಿಳಿಯ ಗಾರೆಯ ಶಿಲ್ಪವಿತ್ತು. ನಡುವೆ ತೂತಿದ್ದ ಅದರ ಸುತ್ತ ನಡೆಯುವಾಗ ತೂತಿನ ಆಚೆ ಕಾಣುವುದು ಬದಲಾಗುತ್ತಿತ್ತು: ಮೊದಲು ಒಂದು ಚಿತ್ರದ ಕೆಂಪು ಮೂಲೆ, ಎರಡು ಹೆಜ್ಜೆ ಸರಿದರೆ ಹಸಿರು ಗಾಜಿನ ಅಂಚು, ಇನ್ನೆರಡು ಹೆಜ್ಜೆಗೆ ಬರಿಯ ಗೋಡೆ. ಮೂರು ಕಲೆಗಳನ್ನು ಒಂದೇ ಕೋಣೆಯಲ್ಲಿ ಇಟ್ಟದ್ದರ ಅರ್ಥ ಆ ತೂತಿನ ಮೂಲಕ ನನಗೆ ಹೊಳೆಯಿತು.

ಒಂದು ತಕರಾರನ್ನೂ ಹೇಳಲೇಬೇಕು. ಗಾಜಿನ ಪ್ರದರ್ಶನಗಳಲ್ಲಿ ಕೋಣೆಯನ್ನು ಪೂರ್ತಿ ಕತ್ತಲೆ ಮಾಡಿ, ಪೀಠದ ಕೆಳಗಿನಿಂದ ಪ್ರಖರವಾದ ದೀಪ ಹಾಯಿಸುವ ರೂಢಿ ಹೆಚ್ಚಾಗುತ್ತಿದೆ. ಬಾಗಿಲಿನಿಂದಲೇ ಕಣ್ಣು ಸೆಳೆಯುತ್ತದೆ, ಫೋಟೊಗಳಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಆ ದೀಪ ಬೆಳಿಗ್ಗೆಯೂ ಸಂಜೆಯೂ ಒಂದೇ. ಗಾಜಿನ ದಪ್ಪ ತೆಳುಗಳನ್ನು ಅದು ಒಂದೇ ಏಟಿಗೆ ಬಯಲು ಮಾಡಿ, ಮತ್ತೆ ಬಂದು ನೋಡಲು ಏನನ್ನೂ ಉಳಿಸುವುದಿಲ್ಲ. ದಿನದ ಬೆಳಕಿಗೆ ಒಡ್ಡಿದ ಗಾಜು ಮಂಕಾಗಿರುವ ಹೊತ್ತೂ ಬೇಕು. ಮಂಕಾಗಿರುವುದನ್ನು ನೋಡಿದ್ದರಿಂದಲೇ ನನಗೆ ಅದು ಬೆಳಗಿದ್ದು ಕಂಡಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಜನ ಒಂದು ಕೃತಿಯ ಮುಂದೆ ಕಳೆಯುವ ಸರಾಸರಿ ಸಮಯ 27.2 ಸೆಕೆಂಡು, ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು, ಅದರಲ್ಲೇ ಪಕ್ಕದ ಬರಹ ಓದಿದ್ದೂ ಸೇರಿತ್ತು. ಇದನ್ನು ಓದಿ ಜನರನ್ನು ದೂರುವ ಮನಸ್ಸು ನನಗಿಲ್ಲ. ದೂರದ ಊರಿಗೆ ಒಂದು ದಿನದ ಮಟ್ಟಿಗೆ ಹೋದವರು ನೂರಾರು ಕೋಣೆಗಳನ್ನು ಓಡೋಡಿ ನೋಡದೆ ಇನ್ನೇನು ಮಾಡಿಯಾರು? ಹತ್ತಿರದ ವಸ್ತುಸಂಗ್ರಹಾಲಯ ಕೊಡುವ ದೊಡ್ಡ ಸವಲತ್ತು ಇಲ್ಲೇ ಇದೆ. ಅಲ್ಲಿ ಇಪ್ಪತ್ತೋ ಮೂವತ್ತೋ ಕೃತಿಗಳಿರುತ್ತವೆ. ಇಂದು ಕಾಣದೆ ಹೋದದ್ದನ್ನು ಮುಂದಿನ ವಾರ ಬೇರೆ ಹೊತ್ತಿನಲ್ಲಿ ಹೋಗಿ ಕಾಣಬಹುದು.

ನಾಲ್ಕನೆಯ ಭೇಟಿ ಪ್ರದರ್ಶನದ ಕೊನೆಯ ದಿನ, ಮುಚ್ಚುವ ಹೊತ್ತಿಗೆ. ಮೋಡ ಕವಿದಿದ್ದ ಆ ಸಂಜೆ ಕೋಣೆಯಲ್ಲಿ ನಾನಲ್ಲದೆ ಇನ್ನೊಬ್ಬರಿದ್ದರು, ಬಾಗಿಲ ಬಳಿ ಕುಳಿತ ಕಾವಲಿನ ಹಿರಿಯರು. ಅವರು ಎದ್ದು ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದರು. ಮಬ್ಬು ಬೆಳಕಿನಲ್ಲಿ ಕೆಂಪು ಬಣ್ಣ ಮೊದಲು ಕಪ್ಪಾಗುತ್ತದೆ, ನೀಲಿ ಹಸಿರುಗಳು ಕೊನೆಯವರೆಗೆ ಉಳಿಯುತ್ತವೆ. 19ನೆಯ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಕಣ್ಣಿನ ಗುಣ ಇದು. ಓದಿ ತಿಳಿದಿದ್ದ ಆ ಮಾತು ನನ್ನ ಕಣ್ಣೆದುರೇ ನಡೆಯಿತು. ಗೋಡೆಯ ಮೇಲಿನ ದೊಡ್ಡ ಚಿತ್ರದ ಕೆಂಪು ಆರಿಹೋಯಿತು, ಅದರೊಳಗಿನ ನೀಲಿ ಗೆರೆಗಳು ಮುಂದಕ್ಕೆ ಬಂದವು. ಗಾರೆಯ ಶಿಲ್ಪ ತನ್ನ ಉಬ್ಬುತಗ್ಗುಗಳನ್ನೆಲ್ಲ ಬಿಟ್ಟುಕೊಟ್ಟು ಬಿಳಿಯ ಅಂಚಾಗಿ ಉಳಿಯಿತು. ಪರದೆಯ ಹಿಂದಿನಿಂದ ಬರುತ್ತಿದ್ದ ಕೊನೆಯ ಬೆಳಕು ಹಸಿರು ಗಾಜಿನ ತೆಳುವಾದ ಅಂಚಿನಲ್ಲಿ ಮಾತ್ರ ನಿಂತಿತ್ತು. ಹಿರಿಯರು ಕೊನೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿ, “ನೋಡಿ, ನೋಡಿ, ಇನ್ನೂ ಐದು ನಿಮಿಷ ಇದೆ” ಎಂದರು. ಆಮೇಲೆ ಅವರೂ ಬಂದು ಗಾಜಿನ ಇನ್ನೊಂದು ಬದಿಗೆ ನಿಂತರು.